ಯಮಾತಾರಾಜಭಾನಸಲಗಂ ಮತ್ತು ಕರೂರಿನ ಪ್ರೆಸ್ಸು

ಆರನೇ ಸೆಮ್ ಮುಗಿದ ರಜೆಯಲ್ಲಿ ನಾನು ಮತ್ತು ನನ್ನ ಗೆಳೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಯೂನಿಟ್‌ನಲ್ಲಿ ಇಂಟರ್ನ್‌ಶಿಪ್ ಮಾಡಿದ್ವಿ. ಹೆಸರು ಬೇಡ. ಶೀಟ್ ಮೆಟಲ್ ಕೆಲಸ, ಎಂಟು ಜನ, ಒಂದು ಹೈಡ್ರಾಲಿಕ್ ಪ್ರೆಸ್. ಮೊದಲ ವಾರ ನಮಗೆ ಕೊಟ್ಟ ಕೆಲಸ ಅಂದ್ರೆ ಟೀ ತರೋದು, ಡ್ರಾಯಿಂಗ್ ಜೆರಾಕ್ಸ್ ಮಾಡ್ಸೋದು, ಸಂಜೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬರೋದು. ಎರಡನೇ ವಾರ ಪ್ರೆಸ್ ನಡೆಸೋ ಅಣ್ಣ ಟೀ ಕುಡೀತಾ ಒಂದು ಮಾತು ಹೇಳಿದ್ರು.

"ಈ ಮಷಿನ್ ಒಂದೊಂದ್ ಸಲ ತಾನಾಗೇ ಕೆಳಗ ಇಳೀತೈತಪ್ಪಾ. ವರ್ಷದಾಗ ಎರಡು ಸಲ ಆಗೈತಿ. ಎರಡು ಸಲಾನೂ ಕೈ ಆಚೆ ಇತ್ತು, ಬಚಾವಾದೆ. ಹೇಳಿದ್ರ, ನೀನೇ ಒತ್ತಿರ್ತೀಯ ಬಿಡು ಅಂತಾರ."

ಪ್ರೆಸ್‌ನಲ್ಲಿ ಮೇಲಿಂದ ಇಳಿಯೋ ಭಾಗಕ್ಕೆ ರ‍್ಯಾಮ್ ಅಂತಾರೆ. ಅದರ ಕೆಳಗೆ ಕೈ ಹಾಕಿ ಶೀಟ್ ಕೂರಿಸ್ತಾರೆ. ಅದು ತಾನಾಗಿ ಇಳಿಯೋದು ಅಂದ್ರೆ ಏನು ಅಂತ ಮೆಕ್ಯಾನಿಕಲ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ಯಾನೆಲ್ ಮೇಲೆ ನಾಲ್ಕು ಬಟನ್: ಮೇಲೆ, ಕೆಳಗೆ, ಸ್ಟಾಪ್, ರೀಸೆಟ್. ಒಳಗೆ ಒಂದು ಹಳೇ ಪಿಎಲ್‌ಸಿ. ಅದರ ಪ್ರೋಗ್ರಾಮ್ ಬರೆದವರು ಒಬ್ಬರು, ಆಮೇಲೆ ಕೈಯಾಡಿಸಿದವರು ಇನ್ನೊಬ್ಬರು, ಇಬ್ಬರೂ ಈಗ ಸಿಗಲ್ಲ. ಅಣ್ಣನ ಅನುಮಾನ ಇಷ್ಟೇ: ಬಟನ್‌ಗಳನ್ನ ಯಾವುದೋ ಒಂದು ಕ್ರಮದಲ್ಲಿ ಒತ್ತಿದಾಗ ಹಿಂಗಾಗುತ್ತೆ. ಯಾವ ಕ್ರಮ ಅಂತ ನೆನಪಿಲ್ಲ. ನಾಲ್ಕೈದು ಸಲ ಒತ್ತಿರಬಹುದು, ಅಷ್ಟೇ.

ಯಜಮಾನ್ರು ಒಂದು ಮಾತಿಗೆ ಒಪ್ಪಿದ್ರು: ಭಾನುವಾರ ಅರ್ಧ ದಿನ ಮಷಿನ್ ನಿಮ್ಮದು, ಪಂಪ್ ಆಫ್, ವಾಲ್ವ್‌ನ ಸೊಲೆನಾಯ್ಡ್ ವೈರ್ ಬಿಚ್ಚಿ ಆ ಜಾಗದಲ್ಲಿ ಲ್ಯಾಂಪ್ ಹಾಕ್ಕೊಳ್ಳಿ, ಏನು ಬೇಕೋ ಒತ್ತಿ ನೋಡಿ. ಸೋಮವಾರ ಆರ್ಡರ್ ಶುರು.

ಅರ್ಧ ದಿನದಲ್ಲಿ ಎಲ್ಲಾ ಕ್ರಮಗಳನ್ನೂ ಒತ್ತಿ ನೋಡೋಕಾಗುತ್ತಾ? ಈ ಪ್ರಶ್ನೆಗೆ ಮೊದಲು ಬೇಕಿರೋದು ಸ್ಕ್ರೂಡ್ರೈವರ್ ಅಲ್ಲ, ಎಣಿಕೆ. ಒಂದೊಂದಾಗಿ ಲೆಕ್ಕ ಹಾಕದೆ "ಒಟ್ಟು ಎಷ್ಟು?" ಅಂತ ಹೇಳೋ ಗಣಿತಕ್ಕೆ ಎಣಿಕೆಯ ಸಂಯೋಜನಶಾಸ್ತ್ರ ಅನ್ನಬಹುದು. ಡಿಸ್ಕ್ರೀಟ್ ಮ್ಯಾತ್ಸ್‌ನಲ್ಲಿ ನಾವೆಲ್ಲ ಓದಿ, ಪರೀಕ್ಷೆ ಬರೆದು, ಮರೆತಿರೋದು ಅದನ್ನೇ.

ಗೆಳೆಯ ತಕ್ಷಣ ಹೇಳಿದ: "ನಾಲ್ಕು ಬಟನ್, ನಾಲ್ಕು ಸಲ. ನಾಲ್ಕು ಫ್ಯಾಕ್ಟೋರಿಯಲ್. 24. ಹತ್ತು ನಿಮಿಷದ ಕೆಲಸ."

ನನಗೂ ಸರಿ ಅನ್ನಿಸಿತು. ಹತ್ತು ನಿಮಿಷದ ಕೆಲಸ ಅಂದ್ರೆ ಯಾರಿಗೆ ಸರಿ ಅನ್ನಿಸಲ್ಲ? ಬಸ್ಸಲ್ಲಿ ವಾಪಸ್ ಬರುವಾಗ ತಲೆಗೆ ಹೊಳೀತು. 24 ಅನ್ನೋದು ಪ್ರತಿ ಬಟನ್ನೂ ಒಂದೇ ಒಂದು ಸಲ ಬರೋ ಕ್ರಮಗಳ ಲೆಕ್ಕ. ನಾಲ್ಕು ಜನರನ್ನ ನಾಲ್ಕು ಕುರ್ಚಿ ಮೇಲೆ ಕೂರಿಸಿದ ಹಾಗೆ. ಆದರೆ ಬಟನ್ ಜನ ಅಲ್ವಲ್ಲ. ಗಾಬರಿಯಾದ ಮನುಷ್ಯ ಸ್ಟಾಪ್ ಬಟನ್ನನ್ನ ಎರಡು ಸಲ ಒತ್ತುತ್ತಾನೆ, ಮೂರು ಸಲಾನೂ ಒತ್ತುತ್ತಾನೆ. ಪ್ರತಿ ಸಲ ಒತ್ತುವಾಗಲೂ ನಾಲ್ಕು ಆಯ್ಕೆ ಇದ್ದೇ ಇರುತ್ತೆ. ಹಾಗಾಗಿ 4×4×4×4 = 256. ಫ್ಯಾಕ್ಟೋರಿಯಲ್ ನಂಬಿಕೊಂಡು 24 ಒತ್ತಿ "ಎಲ್ಲಾ ಸರಿ ಇದೆ ಅಣ್ಣಾ" ಅಂದಿದ್ರೆ 232 ಕ್ರಮಗಳನ್ನ ನೋಡದೇನೇ ಸರ್ಟಿಫಿಕೇಟ್ ಕೊಟ್ಟ ಹಾಗೆ ಆಗ್ತಿತ್ತು. ಕ್ರಮ ಮುಖ್ಯವಾ, ಮರುಕಳಿಸಬಹುದಾ ಅನ್ನೋ ಎರಡು ಪ್ರಶ್ನೆ ಪುಸ್ತಕದಲ್ಲಿ ಎಷ್ಟು ಬೋರಾಗಿ ಕಾಣುತ್ತೋ, ಪ್ರೆಸ್ ಮುಂದೆ ಅಷ್ಟು ಬೋರಾಗಿ ಕಾಣಲ್ಲ.

ಸರಿ, 256 ಕ್ರಮ. ಒಂದೊಂದಕ್ಕೂ ನಾಲ್ಕು ಒತ್ತು, ಒಟ್ಟು 1024. ಪ್ರತಿ ಸಲ ಒತ್ತಿದ ಮೇಲೆ ಟೈಮರ್‌ಗಳು ತಣ್ಣಗಾಗೋಕೆ ಹತ್ತು ಸೆಕೆಂಡ್ ಬಿಡಬೇಕು. ಒಂದು ಕ್ರಮ ಮುಗಿದ ಮೇಲೆ ಮೇನ್ ಆಫ್ ಮಾಡಿ ಆನ್ ಮಾಡೋಕೆ ಒಂದು ನಿಮಿಷ. ಒತ್ತೋಕೆ ಸುಮಾರು 2 ಗಂಟೆ 50 ನಿಮಿಷ, ಆಫ್-ಆನ್‌ಗೆ 4 ಗಂಟೆ 16 ನಿಮಿಷ. ಏಳು ಗಂಟೆ ದಾಟಿತು. ನಮಗಿರೋದು ಅರ್ಧ ದಿನ.

ಇಲ್ಲಿ ನಮ್ಮನ್ನ ಕಾಪಾಡಿದ್ದು ಹೈಸ್ಕೂಲಿನ ಕನ್ನಡ ಪೀರಿಯಡ್.

ಯಮಾತಾರಾಜಭಾನಸಲಗಂ. ನೆನಪಿದೆಯಾ? ಪ್ರಸ್ತಾರ ಹಾಕಿ ಗಣ ಗುರುತಿಸಿ ಅಂದಾಗ ಬಾಯಲ್ಲಿ ಗುನುಗಿ ಬೆರಳಲ್ಲಿ ಎಣಿಸ್ತಿದ್ವಲ್ಲ, ಅದೇ. ಮೂರು ಅಕ್ಷರದ ಗಣ, ಪ್ರತಿ ಅಕ್ಷರ ಲಘು ಇಲ್ಲವೇ ಗುರು, ಹಾಗಾಗಿ 2×2×2 = 8 ಗಣ. ಯಗಣ ಬೇಕಾ, 'ಯ'ದಿಂದ ಮೂರು ಅಕ್ಷರ ತಗೊಳ್ಳಿ: ಯಮಾತಾ, ಅಂದ್ರೆ ಲಘು-ಗುರು-ಗುರು. ಮಗಣಕ್ಕೆ ಮಾತಾರಾ, ಮೂರೂ ಗುರು. ನಗಣಕ್ಕೆ ನಸಲ, ಮೂರೂ ಲಘು. ಸಗಣಕ್ಕೆ ಸಲಗಂ. ಮೇಷ್ಟ್ರು ಇದನ್ನ ನೆನಪಿಟ್ಟುಕೊಳ್ಳೋ ಉಪಾಯ ಅಂತ ಹೇಳಿಕೊಟ್ಟರು, ನಾವೂ ಹಾಗೇ ತಗೊಂಡ್ವಿ.

ಈಗ ಅದನ್ನ ಮೆಷಿನ್ ಟೆಸ್ಟ್ ಮಾಡೋನ ಕಣ್ಣಲ್ಲಿ ನೋಡಿ. ಎಂಟು ಗಣಗಳನ್ನ ಬೇರೆಬೇರೆಯಾಗಿ ಬರೆದರೆ 8×3 = 24 ಅಕ್ಷರ ಬೇಕು. ಈ ಸೂತ್ರದಲ್ಲಿರೋದು ಹತ್ತೇ ಅಕ್ಷರ. ಲ, ಗು, ಗು, ಗು, ಲ, ಗು, ಲ, ಲ, ಲ, ಗು. ಮೂರು ಅಕ್ಷರ ಅಗಲದ ಕಿಟಕಿಯನ್ನ ಇದರ ಮೇಲೆ ಒಂದೊಂದೇ ಮನೆ ಜರುಗಿಸಿದರೆ ಎಂಟೂ ಗಣ ತಲಾ ಒಂದೇ ಸಲ ಕಾಣುತ್ತೆ. ಒಂದೂ ಬಿಡಲ್ಲ, ಒಂದೂ ಎರಡನೇ ಸಲ ಬರಲ್ಲ. ಇದಕ್ಕಿಂತ ಚಿಕ್ಕದು ಸಾಧ್ಯವೇ ಇಲ್ಲ, ಯಾಕಂದ್ರೆ ಎಂಟು ಕಿಟಕಿ ಕೂರಬೇಕಾದ್ರೆ ಕನಿಷ್ಠ ಹತ್ತು ಅಕ್ಷರ ಬೇಕು. ಕೊನೆಯ ಎರಡು ಅಕ್ಷರ (ಲ, ಗಂ) ಮೊದಲ ಎರಡರ (ಯ, ಮಾ) ಹಾಗೇ ಇರೋದನ್ನೂ ಗಮನಿಸಿ. ಅವನ್ನ ಒಂದರ ಮೇಲೊಂದು ಕೂರಿಸಿದರೆ ಎಂಟು ಮಣಿಯ ಸರ ಆಗುತ್ತೆ.

ಇಂಥ ಸರಕ್ಕೆ ಇವತ್ತು ಡಿ ಬ್ರೂಯ್ನ್ ಶ್ರೇಣಿ ಅಂತ ಹೆಸರು. ಡಚ್ ಗಣಿತಜ್ಞ ಡಿ ಬ್ರೂಯ್ನ್ 1946ರಲ್ಲಿ ಇಂಥವು ಒಟ್ಟು ಎಷ್ಟಿವೆ ಅಂತ ಎಣಿಸಿ ತೋರಿಸಿದರು. ಅದಕ್ಕೂ ಮೊದಲು 1894ರಲ್ಲೇ ಫ್ರಾನ್ಸಿನ ಫ್ಲೈ ಸೇಂತ್-ಮರಿ ಅದೇ ಲೆಕ್ಕ ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು. ಲಘು-ಗುರುಗಳ ಮೂರಕ್ಷರಕ್ಕೆ ಇಂಥ ಸರ ಇರೋದು ಎರಡೇ ಎರಡು. ನಮ್ಮ ಯಮಾತಾರಾಜ ಅದರಲ್ಲೊಂದು. ನಾಲ್ಕಕ್ಷರಕ್ಕೆ 16.

ನಮಗೆ ಬೇಕಿದ್ದಿದ್ದು ನಾಲ್ಕು ಬಟನ್‌ಗಳ, ನಾಲ್ಕು ಒತ್ತಿನ ಯಮಾತಾರಾಜ. ಉದ್ದ 256 + 3 = 259. ಹತ್ತು ಸೆಕೆಂಡಿಗೊಂದರಂತೆ 43 ನಿಮಿಷ. ಮಧ್ಯೆ ಆಫ್-ಆನ್ ಇಲ್ಲ. ಏಳು ಗಂಟೆ ಎಲ್ಲಿ, 43 ನಿಮಿಷ ಎಲ್ಲಿ!

ಅಂಥ ಸರ ಇದ್ದೇ ಇರುತ್ತೆ ಅಂತ ಹೇಗೆ ನಂಬೋದು? ಚಿಕ್ಕದರಲ್ಲಿ ನೋಡೋಣ. ನಾಲ್ಕು ಊರು ಇವೆ ಅಂದ್ಕೊಳ್ಳಿ: ಲಲ, ಲಗು, ಗುಲ, ಗುಗು. ಪ್ರತಿ ಗಣವೂ ಒಂದು ಒನ್-ವೇ ರಸ್ತೆ. ಯಗಣ (ಲಗುಗು) ಲಗು ಊರಿಂದ ಗುಗು ಊರಿಗೆ ಹೋಗುತ್ತೆ: ಮೊದಲ ಎರಡು ಅಕ್ಷರ ಹೊರಟ ಊರು, ಕೊನೆಯ ಎರಡು ಮುಟ್ಟಿದ ಊರು. ಮಗಣ ಗುಗು ಊರಿನ ರಿಂಗ್ ರೋಡು, ಹೊರಟಲ್ಲಿಗೇ ಬರುತ್ತೆ. ಹೀಗೆ ಎಂಟು ರಸ್ತೆ. ಎಲ್ಲಾ ಗಣವೂ ಒಂದೊಂದೇ ಸಲ ಬರಬೇಕು ಅಂದ್ರೆ ಎಲ್ಲಾ ರಸ್ತೆಗಳಲ್ಲೂ ಒಂದೊಂದೇ ಸಲ ಓಡಾಡಿ ಮನೆಗೆ ವಾಪಸ್ ಬರಬೇಕು. ಕೋನಿಗ್ಸ್‌ಬರ್ಗ್‌ನ ಏಳು ಸೇತುವೆ ಕತೆಯಲ್ಲಿ 18ನೇ ಶತಮಾನದ ಆಯ್ಲರ್ ಕೇಳಿದ್ದು ಇಂಥದ್ದೇ ಪ್ರಶ್ನೆ. ಒನ್-ವೇ ರಸ್ತೆಗಳಲ್ಲಿ ಉತ್ತರ ಸರಳ: ಎಲ್ಲಿಂದ ಎಲ್ಲಿಗಾದರೂ ಹೋಗೋ ಹಾಗಿದ್ದು, ಪ್ರತಿ ಊರಿಗೆ ಬರೋ ರಸ್ತೆಗಳೂ ಹೋಗೋ ರಸ್ತೆಗಳೂ ಸಮ ಇದ್ರೆ ಅಂಥ ಸುತ್ತು ಇದ್ದೇ ಇರುತ್ತೆ. ಇಲ್ಲಿ ಪ್ರತಿ ಊರಿಗೂ ಎರಡು ಬರುತ್ತೆ, ಎರಡು ಹೋಗುತ್ತೆ. ಮುಗೀತು. ನಮ್ಮ ಬಟನ್ ಲೆಕ್ಕದಲ್ಲಿ ಊರು 64 (ಮೂರು ಒತ್ತಿನ ಕ್ರಮಗಳು), ರಸ್ತೆ 256, ಪ್ರತಿ ಊರಿಗೂ ನಾಲ್ಕು ಒಳಗೆ, ನಾಲ್ಕು ಹೊರಗೆ. ಅಂಥ ಸುತ್ತುಗಳು ಎಷ್ಟಿವೆ ಅಂತ ಡಿ ಬ್ರೂಯ್ನ್ ಸೂತ್ರದಲ್ಲಿ ಹಾಕಿ ನೋಡಿದ್ರೆ 86 ಅಂಕಿಯ ಸಂಖ್ಯೆ ಬರುತ್ತೆ. ನಮಗೆ ಬೇಕಿದ್ದು ಒಂದು. ಗೆಳೆಯ ಶನಿವಾರ ರಾತ್ರಿ ಇಪ್ಪತ್ತು ಸಾಲಿನ ಪೈಥಾನ್ ಬರೆದು ತೆಗೆದ, ನಾಲ್ಕು ಹಾಳೆ ಪ್ರಿಂಟ್ ಆಯ್ತು.

ಭಾನುವಾರ ಬೆಳಗ್ಗೆ ಅಣ್ಣ ಒತ್ತೋದು, ನಾನು ಓದಿ ಹೇಳೋದು, ಗೆಳೆಯ ಲ್ಯಾಂಪ್ ನೋಡಿ ಬರೆದುಕೊಳ್ಳೋದು. ಒತ್ತಿದ ಬಟನ್‌ಗೂ ಹತ್ತಿದ ಲ್ಯಾಂಪ್‌ಗೂ ಹೊಂದದೇ ಇರೋ ಜಾಗಕ್ಕೆ ಕೆಂಪು ಗುರುತು. ಮೊದಲ ಹಾಳೆಯಲ್ಲಿ ಏನೂ ಇಲ್ಲ. ಎರಡನೇದರಲ್ಲಿ ರೀಸೆಟ್ ಒತ್ತಿದ ತಕ್ಷಣ 'ಕೆಳಗೆ' ಲ್ಯಾಂಪ್ ಹತ್ತಿತು. ಅಣ್ಣ ಕೈ ಹಿಂದಕ್ಕೆಳೆದುಕೊಂಡರು. ಪಂಪ್ ಆಫ್ ಇದೆ ಅಂತ ಅವರಿಗೂ ಗೊತ್ತು, ಆದರೂ.

ಹಿಂದಿನ ನಾಲ್ಕು ಒತ್ತು: ಸ್ಟಾಪ್, ಕೆಳಗೆ, ಸ್ಟಾಪ್, ರೀಸೆಟ್.

ಆಮೇಲೆ ಪ್ರೋಗ್ರಾಮ್ ಓದಿದಾಗ ಕಾರಣ ಸಿಕ್ಕಿತು. ಸ್ಟಾಪ್ ಒತ್ತಿದಾಗ ಬಾಕಿ ಇರೋ ಆಜ್ಞೆಯನ್ನ ಒಂದು ಮೆಮೊರಿಯಲ್ಲಿ ಇಟ್ಟುಕೊಂಡು ರೀಸೆಟ್‌ನಲ್ಲಿ ಮುಂದುವರಿಸೋ ಸೌಲಭ್ಯ ಒಬ್ಬರು ಬರೆದಿದ್ದರು. ಅದು ಅಪಾಯ ಅಂತ ಇನ್ನೊಬ್ಬರು ಆ ಮೆಮೊರಿ ಅಳಿಸೋ ಸಾಲು ಸೇರಿಸಿದ್ದರು, ಆದರೆ ರ‍್ಯಾಮ್ ಚಲಿಸ್ತಿರುವಾಗ ಸ್ಟಾಪ್ ಒತ್ತಿದರೆ ಮಾತ್ರ. ಮೊದಲೇ ನಿಂತಿರೋ ಮಷಿನ್‌ನಲ್ಲಿ ಕೆಳಗೆ ಒತ್ತಿ, ಅಯ್ಯೋ ತಪ್ಪಾಯ್ತು ಅಂತ ಮತ್ತೆ ಸ್ಟಾಪ್ ಒತ್ತಿದರೆ ಆ 'ಕೆಳಗೆ' ಮೆಮೊರಿಯಲ್ಲಿ ಕೂತುಬಿಡುತ್ತೆ. ಹುಷಾರಿನ ಮನುಷ್ಯ ಎರಡು ಸಲ ಸ್ಟಾಪ್ ಒತ್ತಿದ್ದಕ್ಕೇ ಶಿಕ್ಷೆ. ಗಮನಿಸಿ: ಈ ಕ್ರಮದಲ್ಲಿ ಸ್ಟಾಪ್ ಎರಡು ಸಲ ಇದೆ. 24ರ ಪಟ್ಟಿಯಲ್ಲಿ ಇದು ಯಾವತ್ತೂ ಬರ್ತಿರಲಿಲ್ಲ.

ಪೂರ್ತಿ ಸತ್ಯ ಹೇಳಬೇಕು ಅಂದ್ರೆ ಕೆಂಪು ಗುರುತು ಇನ್ನೂ ಹಲವು ಕಡೆ ಬಿತ್ತು, ನಮ್ಮ ಲೆಕ್ಕಕ್ಕೆ ಹೊಂದದ ಕಡೆಗಳಲ್ಲೂ. 'ಕೆಳಗೆ, ಕೆಳಗೆ, ಸ್ಟಾಪ್, ರೀಸೆಟ್' ಅನ್ನೋ ಅಮಾಯಕ ಕ್ರಮಕ್ಕೂ ಲ್ಯಾಂಪ್ ಹತ್ತಿತು. ಮೇನ್ ಆಫ್ ಮಾಡಿ ಆನ್ ಮಾಡಿ ಅದನ್ನೇ ಒತ್ತಿದ್ರೆ ಹತ್ತಲ್ಲ! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ತಿಳೀತು, ಅದಕ್ಕೂ ಹಿಂದೆ ಒಂದು ಸ್ಟಾಪ್ ಬಂದು ರೀಸೆಟ್ ಆಗದೇ ಉಳಿದಿತ್ತು. ಅಂದ್ರೆ ಮಷಿನ್‌ನ ನೆನಪು ನಾಲ್ಕೇ ಒತ್ತಿನದು ಅನ್ನೋದು ನಮ್ಮ ಊಹೆ, ಮಷಿನ್ ಅದಕ್ಕೆ ಸಹಿ ಹಾಕಿರಲಿಲ್ಲ. ಡಿ ಬ್ರೂಯ್ನ್ ಸರ ಕೊಡೋ ಭರವಸೆ ಇಷ್ಟೇ: ನಾಲ್ಕು ಒತ್ತಿನ ಪ್ರತಿ ಕ್ರಮವೂ ಒಂದು ಸಲ ಬಂದಿದೆ. ಹತ್ತು ಒತ್ತಿನ ಹಿಂದೆ ಅವಿತಿರೋ ತಪ್ಪಿನ ಬಗ್ಗೆ ಅದು ಏನೂ ಹೇಳಲ್ಲ. ಪ್ರೋಗ್ರಾಮ್ ತಿದ್ದಿಸಿದ್ದಾಯ್ತು, ಎರಡು ಕೈಯಲ್ಲೂ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯೋ ವ್ಯವಸ್ಥೆ ಬೇಕು ಅಂತ ಬರೆದೂ ಕೊಟ್ವಿ.

ಈಗ ಛಂದಸ್ಸಿಗೆ ವಾಪಸ್ ಬರ್ತೀನಿ, ಯಾಕಂದ್ರೆ ಅಲ್ಲಿ ಇನ್ನೂ ಸರಕಿದೆ. ಸುಮಾರು 990ರ ಹೊತ್ತಿಗೆ ನಾಗವರ್ಮ ಬರೆದ 'ಛಂದೋಂಬುಧಿ' ಕನ್ನಡದ ಮೊದಲ ಛಂದಶ್ಶಾಸ್ತ್ರ. ಸಂಸ್ಕೃತದಲ್ಲಿ ಪಿಂಗಲನಿಂದ ಬಂದ ಆರು 'ಪ್ರತ್ಯಯ'ಗಳು ಛಂದಸ್ಸಿನ ಭಾಗ. ಹೆಸರು ಕೇಳಿದ್ರೆ ವ್ಯಾಕರಣ ಅನ್ನಿಸುತ್ತೆ, ಒಳಗಿರೋದು ನಮ್ಮ ಸಿಲಬಸ್. ಪ್ರಸ್ತಾರ ಅಂದ್ರೆ ಎಲ್ಲಾ ಲಘು-ಗುರು ವಿನ್ಯಾಸಗಳನ್ನ ಒಂದು ನಿಯಮದ ಪ್ರಕಾರ ಸಾಲಾಗಿ ಬರೆಯೋದು. ಸಂಖ್ಯೆ ಅಂದ್ರೆ ಒಟ್ಟು ಎಷ್ಟು ಅಂತ ಹೇಳೋದು. ಉದ್ದಿಷ್ಟ ಅಂದ್ರೆ ಕೊಟ್ಟ ವಿನ್ಯಾಸ ಎಷ್ಟನೇ ಸಾಲಲ್ಲಿದೆ ಅಂತ ಹುಡುಕೋದು. ನಷ್ಟ ಅದರ ಉಲ್ಟಾ: ಸಾಲು ಅಳಿಸಿಹೋಗಿದೆ, ನಂಬರ್ ಮಾತ್ರ ಗೊತ್ತು, ವಿನ್ಯಾಸ ಹೇಳು.

ನಷ್ಟದ ವಿಧಾನ ನೋಡಿ. ನಂಬರ್ ಸಮ ಇದ್ರೆ ಲಘು ಬರೆದು ಅರ್ಧ ಮಾಡು. ಬೆಸ ಇದ್ರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡು. ಮೂರಕ್ಷರದ ಪ್ರಸ್ತಾರದ ಐದನೇ ಸಾಲು ಯಾವುದು? 5 ಬೆಸ: ಗುರು, 6ರ ಅರ್ಧ 3. 3 ಬೆಸ: ಗುರು, 4ರ ಅರ್ಧ 2. 2 ಸಮ: ಲಘು. ಗುರು-ಗುರು-ಲಘು, ತಗಣ. ಪ್ರಸ್ತಾರ ಬರೆದು ಎಣಿಸಿ, ಐದನೇದು ಅದೇ. ಡಿಜಿಟಲ್ ಲ್ಯಾಬಲ್ಲಿ ನಾವು ದಶಮಾನದಿಂದ ಬೈನರಿಗೆ ಹೋಗೋಕೆ ಎರಡರಿಂದ ಭಾಗಿಸ್ತಾ ಹೋಗ್ತೀವಲ್ಲ, ಅದೇ ಇದು. ಗುರು 0, ಲಘು 1, ಎಣಿಕೆ ಸೊನ್ನೆ ಬದಲು ಒಂದರಿಂದ ಶುರು, ಅಷ್ಟೇ ವ್ಯತ್ಯಾಸ. ಹತ್ತು ಲಕ್ಷ ಟೆಸ್ಟ್ ಕೇಸ್‌ಗಳ ಪಟ್ಟಿಯನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳದೆ 7,31,402ನೇದನ್ನ ನೇರವಾಗಿ ತೆಗೆಯಬೇಕಾದ ಸಾಫ್ಟ್‌ವೇರ್‌ನವರು ಮಾಡೋದೂ ನಷ್ಟವೇ.

ಕನ್ನಡದ್ದೇ ಆದ ಅಂಶಗಣಗಳಲ್ಲೂ ಲೆಕ್ಕ ಇದೆ. ಮೊದಲ ಅಂಶ ಒಂದು ಗುರು ಇಲ್ಲವೇ ಎರಡು ಲಘು, ಉಳಿದ ಅಂಶಗಳು ಗುರು ಇಲ್ಲವೇ ಲಘು. ಎರಡಂಶದ ಬ್ರಹ್ಮಗಣಕ್ಕೆ 4 ರೂಪ, ಮೂರಂಶದ ವಿಷ್ಣುಗಣಕ್ಕೆ 8, ನಾಲ್ಕಂಶದ ರುದ್ರಗಣಕ್ಕೆ 16. ಪುಸ್ತಕದಲ್ಲಿ ಉರು ಹೊಡೆದಿದ್ದ 4, 8, 16 ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಸೇರಿದ ಮೇಲೆ.

ಮಾತ್ರೆ ಲೆಕ್ಕಕ್ಕೆ ಬಂದರೆ ಆಟ ಬದಲಾಗುತ್ತೆ. ಲಘು ಒಂದು ಮಾತ್ರೆ, ಗುರು ಎರಡು. ಮೂರು ಮಾತ್ರೆಯನ್ನ ಎಷ್ಟು ರೀತಿ ತುಂಬಬಹುದು? ಮೂರು. ನಾಲ್ಕಕ್ಕೆ ಐದು, ಐದಕ್ಕೆ ಎಂಟು, ಆರಕ್ಕೆ ಹದಿಮೂರು. ಕೊನೆಯ ಅಕ್ಷರ ಲಘು ಆದ್ರೆ ಅದರ ಹಿಂದೆ ಒಂದು ಮಾತ್ರೆ ಕಡಿಮೆ, ಗುರು ಆದ್ರೆ ಎರಡು ಕಡಿಮೆ, ಹಾಗಾಗಿ ಹಿಂದಿನ ಎರಡರ ಮೊತ್ತ. ಹೌದು, ಫಿಬೊನಾಚಿ. ಆತನ ಮೊಲಗಳು 1202ರವು. ವಿರಹಾಂಕ, ಹೇಮಚಂದ್ರ ಮಾತ್ರೆ ಎಣಿಸುತ್ತಾ ಇದನ್ನ ಅದಕ್ಕಿಂತ ಮೊದಲೇ ಬರೆದಿದ್ದರು.

ಭಾಮಿನಿ ಷಟ್ಪದಿಯ ಮೊದಲ ಸಾಲು 14 ಮಾತ್ರೆ. ಸುಮ್ಮನೆ ತುಂಬಿದರೆ 610 ರೀತಿ. ಆದರೆ ಸಾಲು 3-4-3-4 ಅಂತ ಒಡೆಯಬೇಕು, ಗುರುವೊಂದು ಗಣದ ಗಡಿ ದಾಟುವಂತಿಲ್ಲ. ಆಗ 3×5×3×5 = 225. ಇನ್ನೊಂದು ನಿಯಮ: ಗಣ ಲಘು-ಗುರು ಅಂತ ಶುರುವಾಗಬಾರದು. ಮೂರು ಮಾತ್ರೆಯಲ್ಲಿ ಒಂದು ರೂಪ ಹೋಯ್ತು, ಉಳಿದದ್ದು 2. ನಾಲ್ಕು ಮಾತ್ರೆಯಲ್ಲಿ ಜಗಣ ಹೋಯ್ತು, ಉಳಿದದ್ದು 4. ಈಗ 2×4×2×4 = 64. ಮೂರನೇ ಮತ್ತು ಆರನೇ ಸಾಲಿಗೆ 3-4-3-4-3-4 ಮತ್ತು ಕೊನೆಗೊಂದು ಗುರು, ಅಂದ್ರೆ 512. ಪೂರ್ತಿ ಪದ್ಯಕ್ಕೆ 64ರ ನಾಲ್ಕನೇ ಘಾತ ಗುಣಿಸು 512ರ ವರ್ಗ. ಎಲ್ಲಾ ಎರಡರ ಘಾತಗಳೇ, ಸೇರಿಸಿದರೆ 2ರ 42ನೇ ಘಾತ: 43,98,04,65,11,104. ಸುಮಾರು 4.4 ಲಕ್ಷ ಕೋಟಿ ಬೇರೆಬೇರೆ ಲಯವಿನ್ಯಾಸ! ಕುಮಾರವ್ಯಾಸನ ಪದ್ಯಗಳು ಸಾವಿರಗಳ ಲೆಕ್ಕದಲ್ಲಿವೆ. ನಿಯಮ ಬಿಗಿಯಾಯ್ತು, ಇನ್ನು ಕವಿಗೆ ಜಾಗ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ಈ ಸಂಖ್ಯೆ ತೋರಿಸಿ.

ಇಷ್ಟು ಹೊತ್ತು ಕ್ರಮದ ಮಾತಾಯ್ತು. ಕ್ರಮ ಲೆಕ್ಕಕ್ಕಿಲ್ಲದೆ ಆರಿಸೋದು ಮಾತ್ರ ಇದ್ದಾಗ ಬರೋದು ಮಹಾವೀರಾಚಾರ್ಯ. 9ನೇ ಶತಮಾನ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ. ಆಗಿನ ರಾಜಧಾನಿ ಮಾನ್ಯಖೇಟ ಅಂದ್ರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವರ 'ಗಣಿತಸಾರಸಂಗ್ರಹ' ಸಂಸ್ಕೃತದಲ್ಲಿದೆ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಮದ್ರಾಸಿನಲ್ಲಿ ಅದನ್ನ ಅಚ್ಚು ಹಾಕಿಸಿದರು. ಅದರಲ್ಲಿ ಆಯ್ಕೆಯ ಸಾಮಾನ್ಯ ನಿಯಮ ಇದೆ: ಒಂದರಿಂದ ಏರುವ ಸಂಖ್ಯೆಗಳನ್ನ ಕೆಳಗೆ, ಅವನ್ನೇ ಇಳಿಯುವ ಕ್ರಮದಲ್ಲಿ ಮೇಲೆ ಬರೆದು, ಮೇಲಿನವನ್ನ ಗುಣಿಸಿ ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸು. ಐದರಲ್ಲಿ ಮೂರು ಆರಿಸಬೇಕಾ? 5×4×3 ಭಾಗಿಸು 1×2×3. ಹತ್ತು. ಉದಾಹರಣೆಗೆ ಅವರು ಕೊಟ್ಟದ್ದು ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಅನ್ನೋ ಆರು ರುಚಿಗಳ ಬೆರಕೆ. 6, 15, 20, 15, 6, 1, ಒಟ್ಟು 63. ಇನ್ನೊಂದರಲ್ಲಿ ವಜ್ರ, ನೀಲ, ಪಚ್ಚೆ, ಹವಳ, ಮುತ್ತಿನ ಹಾರ. ಇದನ್ನ ಜಗತ್ತಿನಲ್ಲಿ ಯಾರು ಮೊದಲು ಹೇಳಿದರು ಅನ್ನೋ ಜಗಳ ನನಗೆ ಬೇಡ. ಉದಾಹರಣೆಗಳು ಅಡುಗೆಮನೆ ಮತ್ತು ಅಕ್ಕಸಾಲಿಗರ ಅಂಗಡಿಯಿಂದ ಬಂದಿವೆ ಅನ್ನೋದು ನನಗೆ ಇಷ್ಟ.

ಈ 'ಐದರಲ್ಲಿ ಮೂರು, ಹತ್ತು' ಅನ್ನೋದನ್ನ ಹಿಡ್ಕೊಳ್ಳಿ, ಒಂದು ಚಂದದ ಕೆಲಸ ಮಾಡುತ್ತೆ. ಒಂದು ಪ್ಯಾನೆಲ್‌ನಲ್ಲಿ ಆನ್-ಆಫ್ ಸ್ವಿಚ್ ಹತ್ತು ಇವೆ. ಎಲ್ಲಾ ಸ್ಥಿತಿ ನೋಡೋಕೆ 1024 ಟೆಸ್ಟ್. ಆದರೆ ಬಹಳಷ್ಟು ತಪ್ಪುಗಳು ಯಾವುದೋ ಎರಡು ಸ್ವಿಚ್ ಒಟ್ಟಿಗೆ ಒಂದು ಸ್ಥಿತಿಯಲ್ಲಿದ್ದಾಗ ಹೊರಗೆ ಬರುತ್ತವೆ. ಯಾವ ಎರಡು ಸ್ವಿಚ್ ತಗೊಂಡರೂ ಅವುಗಳ ನಾಲ್ಕೂ ಸ್ಥಿತಿ (ಆನ್-ಆನ್, ಆನ್-ಆಫ್, ಆಫ್-ಆನ್, ಆಫ್-ಆಫ್) ಒಂದಲ್ಲ ಒಂದು ಟೆಸ್ಟ್‌ನಲ್ಲಿ ಬಂದರೆ ಸಾಕು ಅಂತಿಟ್ಟುಕೊಳ್ಳಿ. ಎಷ್ಟು ಟೆಸ್ಟ್ ಬೇಕು? ಜೋಡಿ 45, ಸ್ಥಿತಿ ನಾಲ್ಕು, ಅಂದ್ರೆ 180 ಷರತ್ತು. ಉತ್ತರ: ಆರು. ತಮಾಷೆ ಅಲ್ಲ. ಮೊದಲ ಟೆಸ್ಟ್‌ನಲ್ಲಿ ಎಲ್ಲಾ ಸ್ವಿಚ್ ಆಫ್. ಉಳಿದ ಐದು ಟೆಸ್ಟ್‌ಗಳಲ್ಲಿ ಪ್ರತಿ ಸ್ವಿಚ್ಚೂ ಸರಿಯಾಗಿ ಮೂರರಲ್ಲಿ ಆನ್, ಆದರೆ ಯಾವ ಮೂರು ಅನ್ನೋದು ಸ್ವಿಚ್‌ನಿಂದ ಸ್ವಿಚ್‌ಗೆ ಬೇರೆ. ಐದರಲ್ಲಿ ಮೂರು ಆರಿಸೋ ರೀತಿ ಹತ್ತು, ಸ್ವಿಚ್ಚೂ ಹತ್ತು. ಈಗ ಯಾವುದೇ ಎರಡು ಸ್ವಿಚ್ ತಗೊಳ್ಳಿ: ಮೂರು ಮತ್ತು ಮೂರು ಆರು, ಟೆಸ್ಟ್ ಐದೇ, ಹಾಗಾಗಿ ಎಲ್ಲೋ ಒಂದರಲ್ಲಿ ಎರಡೂ ಆನ್ ಇರಲೇಬೇಕು. ಎರಡರ ಪಟ್ಟಿ ಬೇರೆಬೇರೆ, ಉದ್ದ ಒಂದೇ, ಹಾಗಾಗಿ ಒಂದು ಆನ್ ಇದ್ದು ಇನ್ನೊಂದು ಆಫ್ ಇರೋ ಟೆಸ್ಟ್ ಎರಡೂ ಕಡೆಯಿಂದ ಸಿಗುತ್ತೆ. ಎರಡೂ ಆಫ್ ಮೊದಲ ಟೆಸ್ಟ್‌ನಲ್ಲೇ ಆಗಿದೆ. ಇದನ್ನ ನಾನು ಮೊದಲ ಸಲ ಓದಿದಾಗ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ನ ಎಬ್ಬಿಸಿ ಹೇಳಿದ್ದೆ. ಅವನಿಗೆ ಅಷ್ಟೇನೂ ಖುಷಿಯಾಗಲಿಲ್ಲ.

ಇನ್ನೊಂದು ಬಗೆಯ ಎಣಿಕೆ ಇದೆ, ಅದರಲ್ಲಿ ಕಷ್ಟ ಇರೋದು ಎಣಿಸೋದರಲ್ಲಿ ಅಲ್ಲ, ಎರಡು ಸಲ ಎಣಿಸದೇ ಇರೋದರಲ್ಲಿ. ದುಂಡನೆ ಫ್ಲ್ಯಾಂಜ್, ಸುತ್ತ ಆರು ತೂತು. ಕೆಲವಕ್ಕೆ ಪ್ಲಗ್ ಹಾಕಬೇಕು, ಕೆಲವು ಖಾಲಿ. ಎಷ್ಟು ಬೇರೆಬೇರೆ ಪೀಸ್? 64 ಅಂತೀರಿ. ಆದರೆ ಸ್ಟೋರ್‌ನಲ್ಲಿ ಫ್ಲ್ಯಾಂಜ್ ತಿರುಗಿಸಿ ಇಟ್ಟರೆ ಒಂದು ಇನ್ನೊಂದೇ ಆಗಿಬಿಡುತ್ತೆ. ತಿರುಗಿಸಿದರೂ ಬದಲಾಗದ ವಿನ್ಯಾಸಗಳನ್ನ ಪ್ರತಿ ತಿರುಗಿಗೂ ಎಣಿಸಿ ಸರಾಸರಿ ತೆಗೆಯಬೇಕು: ತಿರುಗಿಸದಿದ್ದರೆ 64, ಒಂದು ಇಲ್ಲವೇ ಐದು ಮನೆಗೆ ತಲಾ 2, ಎರಡು ಇಲ್ಲವೇ ನಾಲ್ಕು ಮನೆಗೆ ತಲಾ 4, ಮೂರು ಮನೆಗೆ 8. ಒಟ್ಟು 84, ಆರರಿಂದ ಭಾಗಿಸಿದರೆ 14. ಸ್ಟೋರ್‌ನಲ್ಲಿ ಬೇಕಿರೋದು 14 ಡಬ್ಬಿ, 64 ಅಲ್ಲ. ಇದೇ ಯೋಚನೆಯನ್ನ ಜಾರ್ಜ್ ಪೋಲ್ಯಾ 1937ರಲ್ಲಿ ದೊಡ್ಡದಾಗಿ ಬೆಳೆಸಿ ರಸಾಯನಶಾಸ್ತ್ರದ ಐಸೋಮರ್‌ಗಳನ್ನ ಎಣಿಸಿದರು. ಬ್ಯೂಟೇನ್‌ಗೆ 2, ಪೆಂಟೇನ್‌ಗೆ 3, ಹೆಕ್ಸೇನ್‌ಗೆ 5, ಹೆಪ್ಟೇನ್‌ಗೆ 9, ಡೆಕೇನ್‌ಗೆ 75. ಪಿಯುಸಿಯಲ್ಲಿ ಪೆಂಟೇನ್‌ನ ಐಸೋಮರ್ ಬಿಡಿಸುವಾಗ ಒಂದನ್ನೇ ಬಾಗಿಸಿ ಎರಡು ಅಂತ ಬರೆದು ಮಾರ್ಕ್ಸ್ ಕಳ್ಕೊಂಡವರಿಗೆ ಈ ತೊಂದರೆ ಗೊತ್ತು.

ಡಿಎನ್‌ಎ ಕಡೆ ಒಂದು ಇಣುಕು. ಅಕ್ಷರ ನಾಲ್ಕು, ಅಮೈನೋ ಆಮ್ಲ ಇಪ್ಪತ್ತು. ಎರಡಕ್ಷರದ ಪದ 16, ಸಾಲಲ್ಲ. ಮೂರಕ್ಷರದ್ದು 64, ಸಾಕು. ಕೋಡಾನ್ ಮೂರಕ್ಷರದ್ದು ಅಂತ ಪ್ರಯೋಗಕ್ಕೆ ಮೊದಲೇ ಊಹಿಸೋಕೆ ಈ ಎಣಿಕೆಯೇ ದಾರಿ. ಚೂರುಚೂರಾಗಿ ಓದಿದ ಡಿಎನ್‌ಎಯನ್ನ ಒಟ್ಟುಗೂಡಿಸೋ ಸಾಫ್ಟ್‌ವೇರ್‌ಗಳಲ್ಲಿ ನಮ್ಮ ಊರು-ರಸ್ತೆ ಚಿತ್ರವೇ ಇದೆ, ಚೂರುಗಳೇ ರಸ್ತೆ. ಸಂಗೀತದವರ 72 ಮೇಳಕರ್ತ ಕೂಡ ಇದೇ ಮನೆಯದು. 17ನೇ ಶತಮಾನದಲ್ಲಿ ವೆಂಕಟಮಖಿ ಕಟ್ಟಿದ ಲೆಕ್ಕ: ಷಡ್ಜ-ಮಧ್ಯಮದ ನಡುವಿನ ನಾಲ್ಕು ಸ್ಥಾನದಲ್ಲಿ ಎರಡು ಆರಿಸಿದರೆ 6, ಪಂಚಮದ ಮೇಲೂ 6, ಮಧ್ಯಮ ಎರಡು ಬಗೆ, 6×6×2.

ಪ್ರೆಸ್ ತಿದ್ದಿಸಿದ ಮೇಲೆ ಅದೇ ನಾಲ್ಕು ಹಾಳೆ ಹಿಡ್ಕೊಂಡು ಇನ್ನೊಂದು ಸಲ 259 ಒತ್ತು ಒತ್ತಿದ್ವಿ. ಕೆಂಪು ಗುರುತು ಒಂದೂ ಬೀಳಲಿಲ್ಲ. ಅಣ್ಣ ಹಾಳೆಗಳನ್ನ ಮಡಚಿ ಟೂಲ್ ಬಾಕ್ಸ್‌ನಲ್ಲಿ ಇಟ್ಟುಕೊಂಡ್ರು. ಇಂಟರ್ನ್‌ಶಿಪ್‌ನ ಕೊನೇ ದಿನ ಕೇಳಿದ್ರು:

"ಮುಂದಿನ ತಿಂಗಳು ಫುಟ್ ಸ್ವಿಚ್ ಬರ್ತೈತಂತ. ಐದು ಆಗ್ತಾವ. ಆವಾಗ ಎಷ್ಟು ಸಲ ಒತ್ತಬೇಕು?"

625, ಮೇಲೆ ಮೂರು, 628. ಒಂದೂಮುಕ್ಕಾಲು ಗಂಟೆ ಅಂದೆ.

"ಹಂಗಾರ ಭಾನುವಾರ ಏಳಕ್ಕೇ ಬರ್ರಿ," ಅಂದ್ರು, "ಎರಡು ಸಲ ಒತ್ತೋಣ."